ಒಂದೂವರೆ ಗಂಟೆಯ ಹಾರಾಟ, ಅರ್ಧ ಗಂಟೆಯ ಊಟ

ವಿಮಾನದ ಮುಂದಿನ ಸಾಲುಗಳ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಡಿಮೆ ದರದ ಹಾರಾಟಕ್ಕೇ ಹೆಸರಾದ ಇಂಡಿಗೊ 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈ ನಡುವೆ ‘ಸ್ಟ್ರೆಚ್’ ಎಂಬ ಅಗಲ ಸೀಟುಗಳನ್ನು ತಂದಿತು, ಆಮೇಲೆ ಕೆಲವು ಅಂತರರಾಷ್ಟ್ರೀಯ ಮಾರ್ಗಗಳಿಗೂ ವಿಸ್ತರಿಸಿತು. ಅದೇ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್ ಬೆಳಗಿನ ಹೊತ್ತು ಹೊರಡುವ ಕೆಲವು ಹಾರಾಟಗಳ ಮೇಲ್ದರ್ಜೆಯಲ್ಲಿ ಮಧ್ಯಾಹ್ನದ ಊಟ ತೆಗೆದು ಬ್ರಂಚ್ (ತಿಂಡಿಗೂ ಊಟಕ್ಕೂ ನಡುವಿನ ಹಗುರ ಆಹಾರ) ಬಡಿಸಲು ಹೊರಟಿತು. ಪ್ರಯಾಣಿಕರಿಂದ ಚೆನ್ನಾಗಿ ಬೈಸಿಕೊಂಡು ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. 2025ರ ಸೆಪ್ಟೆಂಬರ್ 22ರಿಂದ ಭಾರತದಲ್ಲಿ ಬಿಸಿನೆಸ್ ಕ್ಲಾಸ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿತು. ಅದಾಗಿ ಒಂಬತ್ತೇ ದಿನಕ್ಕೆ ಸ್ಕ್ಯಾಂಡಿನೇವಿಯಾದ ವಿಮಾನ ಸಂಸ್ಥೆ ಎಸ್‌ಎಎಸ್, ತಾನು ಹಿಂದೆ ಕೈಬಿಟ್ಟಿದ್ದ ಯುರೋಪಿನೊಳಗಿನ ಬಿಸಿನೆಸ್ ಕ್ಲಾಸನ್ನು ಮತ್ತೆ ಶುರು ಮಾಡಿತು.

ಹಾಗಾದರೆ ಹತ್ತಿರದ ದೇಶಗಳಿಗೆ ಹೋಗುವ ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಬೆಳೆಯುತ್ತಿದೆಯೋ ಸೊರಗುತ್ತಿದೆಯೋ? ಸೀಟುಗಳ ಮಾರಾಟ ಬೆಳೆಯುತ್ತಿದೆ, ತಟ್ಟೆ ಚಿಕ್ಕದಾಗುತ್ತಿದೆ. ಎರಡೂ ನಿಜ. ಇದು ಜಿಪುಣತನ ಅನ್ನಿಸುವುದು ಸಹಜ, ಸ್ವಲ್ಪ ಮಟ್ಟಿಗೆ ಜಿಪುಣತನವೂ ಹೌದು. ಆದರೆ ತಟ್ಟೆಯಲ್ಲಿ ಏನು ಬರುತ್ತದೆ ಎಂಬುದನ್ನು ಟಿಕೆಟ್ ದರಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಗಡಿಯಾರ.

ಎಂಬತ್ತೈದು ನಿಮಿಷ ಎಲ್ಲಿ ಹೋಗುತ್ತವೆ

ಬೆಂಗಳೂರು–ಕೊಲಂಬೊ ಹಾರಾಟವನ್ನೇ ತೆಗೆದುಕೊಳ್ಳೋಣ. ಟಿಕೆಟ್‌ನಲ್ಲಿ ಸುಮಾರು 85 ನಿಮಿಷ ಎಂದು ಇರುತ್ತದೆ ಎಂದಿಟ್ಟುಕೊಳ್ಳಿ. ಇದು ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನ ಸಮಯ. ರನ್‌ವೇಗೆ ಹೋಗಿ ಸರದಿಗೆ ಕಾಯಲು 15 ನಿಮಿಷ, ಇಳಿದ ಮೇಲೆ ಗೇಟ್‌ಗೆ ಬರಲು 5 ನಿಮಿಷ ಕಳೆದರೆ ಗಾಳಿಯಲ್ಲಿ ಉಳಿಯುವುದು 65. ಮೇಲೇರುವಾಗ ಮೊದಲ ಹತ್ತು ಹನ್ನೆರಡು ನಿಮಿಷ ಸಿಬ್ಬಂದಿ ಸೀಟು ಬಿಟ್ಟು ಏಳುವಂತಿಲ್ಲ. ಕೊನೆಯಲ್ಲಿ ವಿಮಾನ ಇಳಿಮುಖವಾದ ಮೇಲಿನ 20–25 ನಿಮಿಷ ಟ್ರಾಲಿ ಒಳಗೆ ತಳ್ಳಿ, ಗ್ಯಾಲಿಯ (ವಿಮಾನದೊಳಗಿನ ಅಡುಗೆ ಮೂಲೆಯ) ಪ್ರತಿ ಬಾಗಿಲಿಗೂ ಚಿಲಕ ಹಾಕಿ, ಪ್ರಯಾಣಿಕರ ಬೆಲ್ಟ್, ಸೀಟಿನ ಬೆನ್ನು, ಕಿಟಕಿಯ ಪರದೆ ನೋಡಿಕೊಂಡು ಬರಲು ಬೇಕು. ಲೆಕ್ಕ ಹಾಕಿ, ಊಟೋಪಚಾರಕ್ಕೆ ಸಿಗುವುದು ಸುಮಾರು 30 ನಿಮಿಷ.

ಆ 30 ನಿಮಿಷದಲ್ಲಿ ಏನೇನು ಆಗಬೇಕು ನೋಡಿ. ಓವನ್‌ನಲ್ಲಿ ಊಟ ಬಿಸಿಯಾಗಲು 20 ನಿಮಿಷ ಹಿಡಿಯುತ್ತದೆ. ಏರ್ ಇಂಡಿಯಾದ ಮೂರು ದರ್ಜೆಯ ಎ320 ನಿಯೊದಲ್ಲಿ ಬಿಸಿನೆಸ್ ಸೀಟು ಎಂಟು. ಮುಂದಿನ ಗ್ಯಾಲಿಯಲ್ಲಿ ಬಡಿಸುವವರು ಸಾಮಾನ್ಯವಾಗಿ ಒಬ್ಬರು. ಬಿಸಿ ಟವೆಲ್, ಕುಡಿಯಲು ಏನು ಬೇಕೆಂದು ಕೇಳಿ ಕೊಡುವುದು, ಟ್ರೇ ಇಡುವುದು, ಚಹಾ ಕಾಫಿ, ಎಲ್ಲವನ್ನೂ ಮತ್ತೆ ಎತ್ತಿಡುವುದು. ತಲೆಗೆ ಎರಡೆರಡು ನಿಮಿಷ ಹಿಡಿದರೂ 16 ನಿಮಿಷ ಹೋಯಿತು. ತಿನ್ನುವವರಿಗೂ ಹತ್ತು ಹನ್ನೆರಡು ನಿಮಿಷ ಬೇಡವೇ?

ಒಂದಾದ ಮೇಲೊಂದು ಮಾಡಿದರೆ ಇದು ಮುಗಿಯದ ಕೆಲಸ. ಹಾಗಾಗಿ ಸಂಸ್ಥೆಗಳು ಮೂರು ದಾರಿ ಹಿಡಿಯುತ್ತವೆ. ಸಲಾಡ್, ಮುಖ್ಯ ತಿನಿಸು, ಸಿಹಿ ಎಲ್ಲವನ್ನೂ ಒಂದೇ ಟ್ರೇಯಲ್ಲಿ ಇಡುವುದು ಮೊದಲನೆಯದು. ಓವನ್‌ನ ಗೊಡವೆಯೇ ಬೇಡವೆಂದು ತಣ್ಣನೆಯ ತಿನಿಸು ಕೊಡುವುದು ಎರಡನೆಯದು. ಮೂರನೆಯದು ಡಬ್ಬಿ: ಕೈಗೆ ಕೊಟ್ಟು ಮುಂದೆ ಹೋಗುವುದು, ಇಳಿಯುವ ಹೊತ್ತಾದರೆ ಮುಚ್ಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಇಂಡಿಗೊ ಸ್ಟ್ರೆಚ್‌ಗೆ ಸಸ್ಯಾಹಾರಿ ಡಬ್ಬಿಯನ್ನೇ ಆರಿಸಿಕೊಂಡದ್ದರ ಹಿಂದೆ ಈ ಲೆಕ್ಕವೂ ಕಾಣುತ್ತದೆ. ಸಸ್ಯಾಹಾರ ಒಂದೇ ಆದರೆ ‘ವೆಜ್ಜಾ, ನಾನ್ ವೆಜ್ಜಾ’ ಎಂದು ಪ್ರತಿಯೊಬ್ಬರನ್ನೂ ಕೇಳುವ ಸಮಯ ಉಳಿಯುತ್ತದೆ, ಕೊನೆಯ ಸಾಲಿನವರಿಗೆ ಬೇಕಾದದ್ದು ಖಾಲಿಯಾಯಿತು ಎಂಬ ಜಗಳವೂ ಇಲ್ಲ.

ಈ ಅರ್ಧ ಗಂಟೆಯೂ ಈಗ ಕುಗ್ಗುವ ಸೂಚನೆಯಿದೆ. 2024ರ ಮೇ ತಿಂಗಳಲ್ಲಿ ಸಿಂಗಪುರ ಏರ್‌ಲೈನ್ಸ್‌ನ ಲಂಡನ್–ಸಿಂಗಪುರ ವಿಮಾನ ತೀವ್ರ ಗಾಳಿಹೊಡೆತಕ್ಕೆ ಸಿಕ್ಕಿದ ಬಳಿಕ, ಬೆಲ್ಟ್ ದೀಪ ಉರಿಯುತ್ತಿರುವಾಗ ಊಟವನ್ನೂ ಬಿಸಿ ಪಾನೀಯವನ್ನೂ ಕೊಡುವುದಿಲ್ಲ ಎಂದು ಆ ಸಂಸ್ಥೆ ನಿಯಮ ಮಾಡಿತು. ಕೊರಿಯನ್ ಏರ್ ತನ್ನ ಮಧ್ಯಮ ಮತ್ತು ದೂರದ ಹಾರಾಟಗಳಲ್ಲಿ ಇಳಿಯುವ 20 ನಿಮಿಷ ಮುಂಚೆ ನಿಲ್ಲಿಸುತ್ತಿದ್ದ ಸೇವೆಯನ್ನು 40 ನಿಮಿಷ ಮುಂಚೆಯೇ ನಿಲ್ಲಿಸತೊಡಗಿತು. ಅಮೆರಿಕದ ಸೌತ್‌ವೆಸ್ಟ್ 10,000 ಅಡಿಯ ಬದಲು 18,000 ಅಡಿಗೆ ಇಳಿಯುವ ಮೊದಲೇ ಕೆಲಸ ಮುಗಿಸುವಂತೆ ತನ್ನ ಸಿಬ್ಬಂದಿಗೆ ಹೇಳಿತು. ಕೊರಿಯನ್ನರ 40 ನಿಮಿಷದ ನಿಯಮವನ್ನು ಕೊಲಂಬೊ ವಿಮಾನಕ್ಕೆ ಹೊಂದಿಸಿದರೆ ಉಳಿಯುವುದು ಹದಿಮೂರೋ ಹದಿನಾಲ್ಕೋ ನಿಮಿಷ. ಅಷ್ಟರಲ್ಲಿ ಒಂದು ಲೋಟ ಮಜ್ಜಿಗೆ ಕೊಡಬಹುದು.

ಅಡುಗೆ ಯಾವ ಊರಿನದು

ವಿಮಾನದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ, ಬಿಸಿ ಮಾಡುತ್ತಾರೆ ಅಷ್ಟೆ. ವಿಮಾನ ನಿಲ್ದಾಣದ ಹತ್ತಿರದ ಫ್ಲೈಟ್ ಕಿಚನ್‌ನಲ್ಲಿ ಹಾರಾಟಕ್ಕೆ ಹಲವು ಗಂಟೆ ಮೊದಲೇ ಅಡುಗೆಯಾಗುತ್ತದೆ. ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಆ ವ್ಯಾಪ್ತಿಯನ್ನು ಆದಷ್ಟು ಬೇಗ ದಾಟಿಸಲು ಬೆಂದ ಪದಾರ್ಥವನ್ನು ಬೇಗ ತಣಿಸುವ ಯಂತ್ರವಾದ ಬ್ಲಾಸ್ಟ್ ಚಿಲ್ಲರ್‌ಗೆ ಇಟ್ಟು 5 ಡಿಗ್ರಿಗೂ ಕೆಳಗೆ ತರುತ್ತಾರೆ. ತಣ್ಣಗಾದ ಮೇಲೆ ತೂಕ ನೋಡಿ ತಟ್ಟೆಗೆ ತುಂಬಿ, ಟ್ರಾಲಿಗೆ ಸೇರಿಸಿ, ಹೈಲಿಫ್ಟ್ ಲಾರಿಯಲ್ಲಿ ವಿಮಾನದ ಬಾಗಿಲಿಗೆ ಏರಿಸುತ್ತಾರೆ.

ಹತ್ತಿರದ ಹಾರಾಟಗಳಲ್ಲಿ ಇನ್ನೊಂದು ಮಾತಿದೆ, ಬಹಳ ಮಂದಿಗೆ ಗೊತ್ತಿಲ್ಲದ್ದು. ಒಂದು ಗಂಟೆ ನಿಂತು ತಿರುಗಿ ಬರುವ ವಿಮಾನಕ್ಕೆ ಅಲ್ಲಿನ ಅಡುಗೆಮನೆಯಿಂದ ಊಟ ಕೊಳ್ಳುವ ಬದಲು, ಹೋಗುವ ಊಟ ಮತ್ತು ಬರುವ ಊಟ ಎರಡನ್ನೂ ಸ್ವಂತ ಊರಿನಲ್ಲೇ ತುಂಬಿಸಿಕೊಂಡು ಹೊರಡುವುದುಂಟು. ರಿಟರ್ನ್ ಕೇಟರಿಂಗ್ ಎನ್ನುತ್ತಾರೆ. ಗುತ್ತಿಗೆ ಒಂದೇ ಸಾಕು, ರುಚಿ ಒಂದೇ ಥರ ಇರುತ್ತದೆ, ನಿಂತ ಕಡೆ ಲಾರಿಗಾಗಿ ಕಾಯಬೇಕಿಲ್ಲ. ಆದರೆ ಬರುವ ದಾರಿಯ ಊಟ ಅಷ್ಟೂ ಹೊತ್ತು ಗ್ಯಾಲಿಯ ತಂಪಿನಲ್ಲೋ ಡ್ರೈ ಐಸ್ ಮೇಲೋ ಕಾಯುತ್ತದೆ. ವಿಮಾನ ಎರಡು ಗಂಟೆ ತಡವಾಯಿತೆಂದರೆ ಡ್ರೈ ಐಸ್ ಆವಿಯಾಗಿ ಹೋಗುತ್ತದೆ, ತಾಪಮಾನ ಮಿತಿ ದಾಟುತ್ತದೆ, ಊಟವನ್ನು ಎಸೆಯಲೇಬೇಕಾಗುತ್ತದೆ. ತಡವಾದ ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನವರಿಗೂ ಬಿಸ್ಕತ್ತು ಪೊಟ್ಟಣ ಸಿಗುವುದಕ್ಕೆ ಇದೂ ಒಂದು ಕಾರಣ. ಸಿಬ್ಬಂದಿ ಕದ್ದು ಮುಚ್ಚಿಡುತ್ತಿಲ್ಲ.

ಇಡ್ಲಿ ಗೆಲ್ಲುತ್ತದೆ, ದೋಸೆ ಸೋಲುತ್ತದೆ

ಬೆಂಗಳೂರಿನಿಂದ ಹೊರಡುವ ಬೆಳಗಿನ ವಿಮಾನದ ಮೆನುವಿನಲ್ಲಿ ಗರಿಗರಿ ಮಸಾಲೆ ದೋಸೆಯನ್ನು ಯಾಕೆ ಕಾಣುವುದಿಲ್ಲ? ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಗಟ್ಟಿಯಾಗುತ್ತದೆ. ಫ್ರಿಜ್‌ನ 4–5 ಡಿಗ್ರಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ, ರಾತ್ರಿಯ ಅನ್ನ ಬೆಳಿಗ್ಗೆಗೆ ಕಡಲೆಯಂತಾಗುವುದು ಇದರಿಂದಲೇ. ಹಾಗೆ ಗಟ್ಟಿಯಾದದ್ದನ್ನು ಮೆತ್ತಗಾಗಿಸಲು ಬಿಸಿಯ ಜೊತೆ ತೇವವೂ ಬೇಕು. ಇಡ್ಲಿಯಲ್ಲಿ ನೀರಿನಂಶ ಬೇಕಾದಷ್ಟಿದೆ. ಫಾಯಿಲ್ ಮುಚ್ಚಿ ಆವಿ ಓವನ್‌ನಲ್ಲಿ ಇಟ್ಟರೆ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬರುತ್ತದೆ. ಪೊಂಗಲ್, ಬಿಸಿಬೇಳೆ ಬಾತ್ ಕೂಡ ಹಾಗೆಯೇ, ತುಪ್ಪ ಸ್ವಲ್ಪ ಮುಂದಾಗಿ ಹಾಕಿ, ನೀರು ಜಾಸ್ತಿಯಿಟ್ಟು ತೆಳ್ಳಗೆ ಮಾಡಿರಬೇಕು. ಉಪ್ಪಿಟ್ಟು ನಡುವಿನದು: ಒಣ ಬಿಸಿಗಾಳಿಯ ಓವನ್ ಆದರೆ ಅಂಚೆಲ್ಲ ಮರಳು. ದೋಸೆಯ ಗತಿ ಬೇರೆ. ತೇವ ಕೊಟ್ಟರೆ ಗರಿ ಹೋಗಿ ಒದ್ದೆ ಬಟ್ಟೆ, ಕೊಡದಿದ್ದರೆ ಚರ್ಮ. ಆಮ್ಲೆಟ್ ರಬ್ಬರಿನಂತಾಗುವುದಕ್ಕೆ ಕಾರಣ ಪಿಷ್ಟವಲ್ಲ, ಎರಡನೇ ಸಲ ಕಾದ ಮೊಟ್ಟೆಯ ಪ್ರೋಟೀನು ಬಿಗಿದುಕೊಂಡು ನೀರು ಬಿಡುತ್ತದೆ.

ಇದರ ಮೇಲೆ ಎತ್ತರದ ಕಾಟ. ಕ್ಯಾಬಿನ್ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು, ಗಾಳಿಯ ತೇವಾಂಶ ಎಷ್ಟೋ ಸಲ ಶೇ 20ಕ್ಕಿಂತ ಕಡಿಮೆ. ಮೂಗು ಒಣಗಿದರೆ ಪರಿಮಳ ಹೋಯಿತು, ಪರಿಮಳ ಹೋದರೆ ರುಚಿಯೂ ಅರ್ಧ ಹೋಯಿತು. ಲುಫ್ತಾನ್ಸಾಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2010ರ ಸುಮಾರಿಗೆ ನಡೆಸಿದ ಪರೀಕ್ಷೆಯಲ್ಲಿ ಉಪ್ಪು ಶೇ 20–30ರಷ್ಟು, ಸಿಹಿ ಶೇ 15–20ರಷ್ಟು ಮಂದವಾಗಿ ತಿಳಿಯುತ್ತದೆ ಎಂದು ಕಂಡಿತು. ಹುಳಿ, ಖಾರ, ಮಸಾಲೆ ಅಷ್ಟಾಗಿ ಕಳೆದುಹೋಗುವುದಿಲ್ಲ. ಹೀಗಾಗಿ ಸಾರು, ಸಾಂಬಾರು, ಗೊಜ್ಜಿನ ನಮ್ಮ ಅಡುಗೆ ಆಕಾಶಕ್ಕೆ ಯುರೋಪಿನ ಬೇಯಿಸಿದ ಮೀನಿಗಿಂತ ಚೆನ್ನಾಗಿ ಒಗ್ಗುತ್ತದೆ. ಕಾಫಿಯ ವಿಷಯದಲ್ಲಿ ಆಸೆ ಬೇಡ. 8,000 ಅಡಿಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಲೋಟಕ್ಕೆ ಬರುವಷ್ಟರಲ್ಲಿ ಇನ್ನೂ ಆರಿರುತ್ತದೆ.

ಹೆಸರು ಒಂದು, ಸೀಟು ಮೂರು ಬಗೆ

ಗೊಂದಲದ ದೊಡ್ಡ ಪಾಲು ಹುಟ್ಟುವುದು ಇಲ್ಲಿ. ಯುರೋಪಿನೊಳಗೆ ಬಿಸಿನೆಸ್ ಕ್ಲಾಸ್ ಎಂದರೆ ಬಹುತೇಕ ಎಕಾನಮಿಯದೇ ಸೀಟು, ಮೂರರ ನಡುವಿನದನ್ನು ಖಾಲಿ ಬಿಟ್ಟು ಹಿಂದೊಂದು ಪರದೆ ಎಳೆದಿರುತ್ತಾರೆ. ಲುಫ್ತಾನ್ಸಾ, ಬ್ರಿಟಿಷ್ ಏರ್‌ವೇಸ್, ಏರ್ ಫ್ರಾನ್ಸ್ ಎಲ್ಲರದ್ದೂ ಇದೇ ಪದ್ಧತಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ತನಕ ಹಾಸಿಗೆಯಂತೆ ಮಲಗಿ ಹೋದವರು, ಅದೇ ಟಿಕೆಟ್‌ನಲ್ಲಿ ಅಲ್ಲಿಂದ ಡಬ್ಲಿನ್‌ಗೆ ಹೋಗುವಾಗ ಮೊಣಕಾಲು ಮಡಚಿ ಕೂರುತ್ತಾರೆ. ಮೋಸ ಹೋದೆವೆಂದು ಅವರಿಗೆ ಅನ್ನಿಸುತ್ತದೆ. ಆ ಪರದೆಗೆ ಕಾರಣವಿದೆ. ಬೆಳಿಗ್ಗೆಯ ವಿಮಾನಕ್ಕೆ ಮೇಲ್ದರ್ಜೆಯವರು ಇಪ್ಪತ್ತೆಂಟು ಜನ ಬಂದರೆ ಪರದೆಯನ್ನು ಏಳನೇ ಸಾಲಿನ ಹಿಂದಕ್ಕೆ ಸರಿಸುತ್ತಾರೆ, ಮಧ್ಯಾಹ್ನಕ್ಕೆ ಎಂಟೇ ಜನ ಇದ್ದರೆ ಎರಡನೇ ಸಾಲಿಗೆ ತರುತ್ತಾರೆ. ಒಂದು ಸಾಲೂ ಹಾಳಾಗುವುದಿಲ್ಲ. ಎಸ್‌ಎಎಸ್ ಮರಳಿ ಬಂದದ್ದು ಎಷ್ಟು ಸುಲಭವಾಯಿತು ಎಂಬುದಕ್ಕೂ ಇದು ವಿವರಣೆ.

ಏರ್ ಇಂಡಿಯಾದ ಚಿಕ್ಕ ವಿಮಾನಗಳಲ್ಲಿ, ಇಂಡಿಗೊ ಸ್ಟ್ರೆಚ್‌ನಲ್ಲಿ ಸಾಲಿಗೆ ಎರಡೆರಡು ಅಗಲ ಸೀಟುಗಳು ನೆಲಕ್ಕೆ ಬಿಗಿದಿರುತ್ತವೆ. ಸೀಟು ಒಳ್ಳೆಯದು, ಆದರೆ ಎಂಟೋ ಹನ್ನೆರಡೋ ಅಷ್ಟೆ, ಹೆಚ್ಚಿಸಲೂ ಆಗದು ಕಡಿಮೆ ಮಾಡಲೂ ಆಗದು. ಖಾಲಿ ಉಳಿದವನ್ನು ಕೊನೆಗಳಿಗೆಯಲ್ಲಿ ಅಪ್‌ಗ್ರೇಡ್ ಎಂದು ಕಡಿಮೆ ದರಕ್ಕೆ ಮಾರುವುದು ಇದರಿಂದಲೇ.

ಮೂರನೆಯದು ದೊಡ್ಡ ವಿಮಾನ ಹತ್ತಿರದ ಊರಿಗೆ ಹೋಗುವುದು. ಎಮಿರೇಟ್ಸ್ 2022ರ ಅಕ್ಟೋಬರ್ ಕೊನೆಯಿಂದ ಬೆಂಗಳೂರು–ದುಬೈ ನಡುವೆ ಎರಡು ಮಹಡಿಯ ದೊಡ್ಡ ವಿಮಾನ ಎ380 ಓಡಿಸುತ್ತಿದೆ. ನಾಲ್ಕು ಗಂಟೆಯ ಹಾರಾಟಕ್ಕೆ ಹದಿನಾಲ್ಕು ಗಂಟೆಗೆ ಮಾಡಿದ ಸೀಟು, ಗ್ಯಾಲಿ. ಸಮಯವೂ ಇದೆ, ಓವನ್‌ಗಳೂ ಇವೆ. ಊಟ ಸಾವಕಾಶವಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಮದ್ಯದ ವಿಷಯದಲ್ಲಿ ಇನ್ನೊಂದು ವಿಚಿತ್ರ. ಬೆಂಗಳೂರು–ದೆಹಲಿ ಎರಡೂ ಮುಕ್ಕಾಲು ಗಂಟೆ, ದೇಶದೊಳಗಿನ ಹಾರಾಟವಾದ್ದರಿಂದ ಮದ್ಯ ಇಲ್ಲ. ಅದರ ಅರ್ಧದಷ್ಟು ಹೊತ್ತಿನ ಕೊಲಂಬೊ ಹಾರಾಟದಲ್ಲಿ ಸಿಗಬಹುದು, ಯಾಕೆಂದರೆ ಅದು ಅಂತರರಾಷ್ಟ್ರೀಯ. ಅಲ್ಲೂ ಸುಂಕವಿಲ್ಲದ ದಾಸ್ತಾನಿಗೆ ಸೀಲ್ ಇರುವ ಕಾರಣ, ವಿಮಾನ ನೆಲದ ಮೇಲಿರುವಾಗ ಸಾಮಾನ್ಯವಾಗಿ ಹಣ್ಣಿನ ರಸವೇ ಗತಿ.

ಯಾರು ಏನನ್ನುತ್ತಾರೆ

ಸಂಸ್ಥೆಗಳ ಮೊದಲ ವಾದ ವ್ಯರ್ಥವಾಗುವ ಊಟದ್ದು. ಕ್ಯಾಬಿನ್ ತ್ಯಾಜ್ಯ 2023ರಲ್ಲಿ 36 ಲಕ್ಷ ಟನ್ ಆಯಿತು, ಅದರಲ್ಲಿ ಶೇ 65ರಷ್ಟು ತಿನಿಸು ಮತ್ತು ಪಾನೀಯ ಎಂಬುದು ಅಂತರರಾಷ್ಟ್ರೀಯ ವಿಮಾನಯಾನ ಸಂಘ ಐಯಾಟಾದ ಅಂದಾಜು. ಪರದೇಶದಿಂದ ಬಂದ ಉಳಿಕೆ ಊಟವನ್ನು ಯುರೋಪ್, ಅಮೆರಿಕಗಳಲ್ಲಿ ಪ್ರಾಣಿರೋಗದ ಭಯದಿಂದ ಬೇರೆ ಕಸದಂತೆ ವಿಲೇವಾರಿ ಮಾಡುವಂತಿಲ್ಲ, ಸುಡುವುದೋ ಶುದ್ಧೀಕರಿಸಿ ಹೂಳುವುದೋ ಮಾಡಬೇಕು, ಅದಕ್ಕೂ ಖರ್ಚು. ನಿಲ್ದಾಣದ ಲೌಂಜ್‌ನಲ್ಲಿ (ಮೇಲ್ದರ್ಜೆಯವರು ಕಾಯುವ ಕೋಣೆಯಲ್ಲಿ) ಹೊಟ್ಟೆ ತುಂಬ ತಿಂದು ಬಂದವರು ಒಂದು ಗಂಟೆಯಲ್ಲಿ ಮತ್ತೆ ತಿನ್ನುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಆದರೆ ಲೌಂಜನ್ನೇ ಕಿತ್ತುಕೊಂಡ ಟಿಕೆಟ್‌ಗಳೂ ಬಂದಿವೆಯಲ್ಲ? ಎಮಿರೇಟ್ಸ್ 2019ರಲ್ಲಿ, ಕತಾರ್ ಏರ್‌ವೇಸ್ 2020ರಲ್ಲಿ, ಫಿನ್‌ಏರ್ 2021ರಲ್ಲಿ ತಂದ ಅಗ್ಗದ ಬಿಸಿನೆಸ್ ದರಗಳಲ್ಲಿ ಲೌಂಜ್ ಸೇರಿರಲಿಲ್ಲ. ಲೌಂಜ್ ಇದೆಯೆಂದು ಊಟ ಕಡಿಮೆ ಮಾಡಿ, ಆಮೇಲೆ ಲೌಂಜನ್ನೂ ತೆಗೆದರೆ ವಾದ ತನ್ನ ಬುಡವನ್ನೇ ಕಡಿದುಕೊಳ್ಳುತ್ತದೆ.

ಪ್ರಯಾಣಿಕರ ವಾದ ನೇರ: ಹಲವು ಪಟ್ಟು ಹಣ ಕೊಟ್ಟಿದ್ದೇವೆ. ಸಿಬ್ಬಂದಿಯ ಮಾತು ಕಡಿಮೆ ಕೇಳಿಬರುತ್ತದೆ. ಇನ್ನೂ ಓರೆಯಾಗಿ ಏರುತ್ತಿರುವ ವಿಮಾನದಲ್ಲಿ ಬಿಸಿ ತಟ್ಟೆ ಹಿಡಿದು ಓಡುವ ಕೆಲಸ ಅವರದು. ನಿಯಮ ಪುಸ್ತಕದಲ್ಲಿ ಅವರು ಮೊದಲು ಸುರಕ್ಷತಾ ಸಿಬ್ಬಂದಿ, ಬಡಿಸುವವರು ಆಮೇಲೆ.

ತಮ್ಮ ನೌಕರರನ್ನು ಕೆಲಸದ ಮೇಲೆ ಕಳುಹಿಸುವ ಕಂಪನಿಗಳಿಗೆ ಊಟ ಮುಖ್ಯವೇ ಅಲ್ಲ. ಟಿಕೆಟ್ ದಿನಾಂಕ ಬದಲಿಸುವ ಅವಕಾಶ, ಹೆಚ್ಚಿನ ಲಗೇಜ್, ಬೇಗ ಇಳಿದು ಹೋಗುವುದು, ಅವರು ಕೊಳ್ಳುವುದು ಇವನ್ನು. ಜಿಎಸ್‌ಟಿ ಏರಿಕೆಯ ಪರಿಣಾಮವೂ ಇಲ್ಲಿ ಎರಡಾಗಿ ಸೀಳುತ್ತದೆ. ಮೂಲ ದರ 40,000 ರೂಪಾಯಿ ಇದ್ದರೆ ಮೊದಲು ತೆರಿಗೆ 4,800 ಆಗುತ್ತಿತ್ತು, ಈಗ 7,200. ನೋಂದಾಯಿತ ಕಂಪನಿ ಈ ಹಣವನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಪಡೆದುಕೊಳ್ಳಬಹುದು. ಸ್ವಂತ ದುಡ್ಡಿನಲ್ಲಿ ಅಪ್ಪ ಅಮ್ಮನನ್ನು ಸಿಂಗಪುರ ತೋರಿಸಲು ಕರೆದೊಯ್ಯುವವರಿಗೆ ಟಿಕೆಟ್‌ಗೆ 2,400 ರೂಪಾಯಿ ಹೆಚ್ಚಿಗೆ ಜೇಬಿನಿಂದಲೇ ಹೋಗುತ್ತದೆ. ಎಕಾನಮಿಯ ತೆರಿಗೆ ಶೇ 5ರಲ್ಲೇ ಉಳಿದಿರುವುದರಿಂದ ಎರಡರ ಅಂತರ ಇನ್ನಷ್ಟು ಹಿಗ್ಗಿದೆ.

ಮುಂದೆ ಏನಾಗಬಹುದು

ಎರಡು ಗಂಟೆಯೊಳಗಿನ ಹಾರಾಟಗಳಲ್ಲಿ ಡಬ್ಬಿ ಮತ್ತು ತಣ್ಣನೆಯ ಟ್ರೇ ಇನ್ನಷ್ಟು ಹರಡುವುದು ಬಹುತೇಕ ಖಚಿತ. ಎರಡರಿಂದ ಐದು ಗಂಟೆಯವುಗಳಲ್ಲಿ ಮುಂಗಡ ಆಯ್ಕೆ ಬಲವಾಗುತ್ತದೆ: ಏನು ಬೇಕೆಂದು ಮೊದಲೇ ಆರಿಸಿದವರಿಗೆ ಅದು, ಆರಿಸದವರಿಗೆ ಉಳಿದದ್ದು. ಊಟ ಬೇಡ ಎಂದು ಮೊದಲೇ ಹೇಳುವ ಸೌಲಭ್ಯವನ್ನು ಜಪಾನ್ ಏರ್‌ಲೈನ್ಸ್ ಆಗಲೇ ಕೊಟ್ಟಿದೆ. ಲೌಂಜ್, ಸೀಟು ಆಯ್ಕೆ, ಮರುಪಾವತಿಗಳನ್ನು ಒಂದೊಂದಾಗಿ ಕಳಚಿ ಮಾರುವುದು ಭಾರತಕ್ಕೂ ಬರುತ್ತದೆ, ಯಾಕೆಂದರೆ ತೆರಿಗೆ ಏರಿದಾಗ ಕಣ್ಣಿಗೆ ಕಾಣುವ ದರವನ್ನು ಇಳಿಸಿ ತೋರಿಸಲು ಅದೇ ಸುಲಭದ ದಾರಿ.

ಕೊಳ್ಳುವ ಮುನ್ನ, ಹತ್ತುವ ಮುನ್ನ

ಟಿಕೆಟ್ ಕೊಳ್ಳುವಾಗ ಸಂಸ್ಥೆಯ ಹೆಸರಿಗಿಂತ ವಿಮಾನದ ಮಾದರಿ ಮತ್ತು ಸೀಟ್ ಮ್ಯಾಪ್ ನೋಡಿ. ಸಾಲಿಗೆ ಎರಡೆರಡು ಇದ್ದರೆ ನಿಜವಾದ ಅಗಲ ಸೀಟು, ಮೂರು ಮೂರರ ನಡುವೆ ಒಂದು ಬೂದು ಬಣ್ಣದಲ್ಲಿದ್ದರೆ ಪರದೆಯ ಬಿಸಿನೆಸ್. ಕೋಡ್‌ಶೇರ್ (ಒಂದು ಸಂಸ್ಥೆ ಮಾರಿ ಇನ್ನೊಂದು ಹಾರಿಸುವ) ಟಿಕೆಟ್ ಆದರೆ ‘ಆಪರೇಟೆಡ್ ಬೈ’ ಎಂದಿರುವ ಸಂಸ್ಥೆಯ ಊಟವೇ ನಿಮಗೆ ಬರುವುದು.

ವಿಶೇಷ ಊಟವನ್ನು ಸಾಮಾನ್ಯವಾಗಿ 24 ಗಂಟೆ ಮೊದಲೇ ಹೇಳಬೇಕು. ನಮ್ಮ ಸಸ್ಯಾಹಾರಿಗಳು ಎಡವುವುದು ಊಟದ ಬಗೆ ಸೂಚಿಸುವ ನಾಲ್ಕಕ್ಷರದ ಕೋಡ್‌ನಲ್ಲಿ. ವಿಜಿಎಂಎಲ್ ಎಂದರೆ ವೀಗನ್: ಹಾಲು, ಮೊಸರು, ತುಪ್ಪ ಏನೂ ಇಲ್ಲ, ಬೇಯಿಸಿದ ತರಕಾರಿ ಬಂದೀತು. ಮೊಸರು, ಪನ್ನೀರು, ಮಸಾಲೆ ಇರುವ ನಮ್ಮ ಕಡೆಯ ಊಟ ಬೇಕಾದರೆ ಎವಿಎಂಎಲ್. ಗೆಡ್ಡೆ ಗೆಣಸು, ಈರುಳ್ಳಿ, ಬೆಳ್ಳುಳ್ಳಿ ಬೇಡವಾದವರಿಗೆ ವಿಜೆಎಂಎಲ್. ಎಚ್‌ಎನ್‌ಎಂಎಲ್ ‘ಹಿಂದೂ ಊಟ’ ಎಂಬ ಹೆಸರು ನೋಡಿ ಸಸ್ಯಾಹಾರ ಅಂದುಕೊಳ್ಳಬೇಡಿ, ಅದು ದನದ ಮಾಂಸವಿಲ್ಲದ ಮಾಂಸಾಹಾರ. ರಿಟರ್ನ್ ಕೇಟರಿಂಗ್ ಇರುವ ಮಾರ್ಗದಲ್ಲಿ ನಿಮ್ಮ ಊಟ ಹಿಂದಿನ ಹಾರಾಟದಲ್ಲೇ ತುಂಬಿ ಬಂದಿರಬೇಕಾದ್ದರಿಂದ 24 ಗಂಟೆ ಎಂಬುದನ್ನು 36 ಎಂದೇ ತಿಳಿಯುವುದು ಕ್ಷೇಮ.

ಬಿಸಿ ಊಟ ಬರಲಿಲ್ಲವೆಂದರೆ ಪರಿಹಾರ ಕೇಳಲು ಕಾನೂನಿನ ಆಸರೆ ಕಡಿಮೆ. ವಿಮಾನ ಬದಲಾಗಿ ನಿಮ್ಮನ್ನು ಎಕಾನಮಿಗೆ ಇಳಿಸಿದರೆ ಮಾತು ಬೇರೆ. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ 2023ರ ಫೆಬ್ರುವರಿಯಿಂದ ಜಾರಿಗೆ ತಂದ ನಿಯಮದಂತೆ ಅಂತರರಾಷ್ಟ್ರೀಯ ಹಾರಾಟದಲ್ಲಿ ತೆರಿಗೆ ಸೇರಿದ ಟಿಕೆಟ್ ದರದ ಶೇ 30 (1,500 ಕಿ.ಮೀ. ವರೆಗೆ), ಶೇ 50 (1,500ರಿಂದ 3,500), ಶೇ 75 (ಅದಕ್ಕೂ ದೂರ) ಮರಳಿಸಬೇಕು. ಬೆಂಗಳೂರಿನಿಂದ ಕೊಲಂಬೊ ಮೊದಲ ಗುಂಪಿಗೆ, ದುಬೈ ಮತ್ತು ಸಿಂಗಪುರ ಎರಡನೆಯದಕ್ಕೆ ಸೇರುತ್ತವೆ. ದೇಶದೊಳಗಾದರೆ ದೂರ ಎಷ್ಟೇ ಇರಲಿ, ಶೇ 75. ಹೀಗಾಗಿ ದೆಹಲಿ ವಿಮಾನದಲ್ಲಿ ಹಿಂದಕ್ಕೆ ಕಳುಹಿಸಿದರೆ ಸಿಗುವ ಪಾಲು ಕೊಲಂಬೊದ ಎರಡೂವರೆ ಪಟ್ಟು. ಹೊಸ ಬೋರ್ಡಿಂಗ್ ಪಾಸ್ ಕೊಡುವಾಗ ಕೌಂಟರ್‌ನಲ್ಲಿ ಹಳೆಯದನ್ನು ಹರಿದು ಬುಟ್ಟಿಗೆ ಹಾಕುವ ಅಭ್ಯಾಸವಿದೆ. ಅದಕ್ಕೆ ಮೊದಲೇ ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ.